ಬೀಗಿತ್ತಿಯರ ಪ್ಲಾಸ್ಟರು

ಮೇಲಿನ ಮನೆಯವರ ಬಚ್ಚಲಿನ ಕೊಳವೆ ಯಾವ ಕಾಲದಿಂದ ಸೋರುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಕೆಳಗಿನ ಮನೆಯ ಗಂಡ ಹೆಂಡತಿಗೆ ಅದು ತಿಳಿದದ್ದು ತಮ್ಮ ನಡುಮನೆಯ ಚಾವಣಿ ಹಲ್ಲುನೋವು ಬಂದವರ ಕೆನ್ನೆಯ ಹಾಗೆ ಊದಿಕೊಂಡಾಗ. ದಿನವೂ ಊಟಕ್ಕೆ ಕೂತು ತಲೆಯೆತ್ತಿ ನೋಡುವುದು, "ನಿನ್ನೆಗಿಂತ ಸ್ವಲ್ಪ ಜಾಸ್ತಿ ಆಗಿದೆ ಅಲ್ವಾ?" ಎಂದುಕೊಳ್ಳುವುದು, ಮತ್ತೆ ತಟ್ಟೆ ನೋಡುವುದು. ಹೀಗೇ ನಡೆದಿತ್ತು. ಒಂದು ಭಾನುವಾರ ಆ ಗಾರೆ ಯಾರ ಅಪ್ಪಣೆಗೂ ಕಾಯದೆ ಧೊಪ್ಪನೆ ಸೋಫಾದ ಮೇಲೆ ಬಿತ್ತು. ಸೋಫಾದಲ್ಲಿ ಯಾರೂ ಕೂತಿರಲಿಲ್ಲ ಅನ್ನುವುದೇ ಪುಣ್ಯ.

ನೋಡಲು ಬಂದ ಗಾರೆ ಮೇಸ್ತ್ರಿ ಏಣಿಯಂಥ ಮನುಷ್ಯ. ಚಾವಣಿಯ ಅರ್ಧ ಕೆಲಸವನ್ನು ನೆಲದ ಮೇಲೆ ನಿಂತೇ ಮುಗಿಸಬಲ್ಲ. ಬೆರಳ ಗೆಣ್ಣಿನಿಂದ ಗೋಡೆ ಕುಟ್ಟುತ್ತ ಮನೆಯೆಲ್ಲ ಸುತ್ತಿದ. "ಇಲ್ಲಿ ಟೊಳ್ಳು. ಇಲ್ಲೂ ಟೊಳ್ಳು. ಇದು ಗಟ್ಟಿ ಇದೆ. ಇದು ಗಟ್ಟಿ ಇರೋ ಹಾಗೆ ನಾಟಕ ಆಡ್ತಿದೆ, ನಂಬಬೇಡಿ." ಕೊನೆಗೆ, ಮೇಲಿನವರು ಕೊಳವೆ ಸರಿಮಾಡಿಸಿಯಾದ ಮೇಲೆ ನಡುಮನೆಯದೂ ದೊಡ್ಡ ಕೋಣೆಯದೂ ಹಳೆಯ ಪ್ಲಾಸ್ಟರನ್ನೆಲ್ಲ ಕೆತ್ತಿ ಹೊಸದು ಹಾಕಬೇಕೆಂದು ತೀರ್ಪು ಕೊಟ್ಟ.

ಹಾಕಿಸುವುದೇನೋ ಸರಿ, ಹಗಲೆಲ್ಲ ಮನೆಯಲ್ಲಿ ಇರುವವರು ಯಾರು? ಹೆಂಡತಿಗೆ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ, ಗಂಡನಿಗೆ ಕನ್ನಡಕದ ಅಂಗಡಿಯಲ್ಲಿ. ಇಬ್ಬರಿಗೂ ರಜೆ ಸಿಗುವ ಹಾಗಿರಲಿಲ್ಲ. ಹೆಂಡತಿ ಗಂಡನಿಗೆ ಹೇಳದೆ ತನ್ನ ತಾಯಿಗೆ ಫೋನ್ ಮಾಡಿದಳು. ಗಂಡ ಹೆಂಡತಿಗೆ ಹೇಳದೆ ತನ್ನ ತಾಯಿಗೆ ಫೋನ್ ಮಾಡಿದ. ಒಬ್ಬರಿಗೊಬ್ಬರು ಅಚ್ಚರಿ ಕೊಡುವ ಆಸೆ ಇಬ್ಬರಿಗೂ. ಅಚ್ಚರಿ ಆಯಿತು. ಒಂದೇ ಬೆಳಿಗ್ಗೆ, ಒಂದೇ ಬಾಗಿಲಲ್ಲಿ, ಇಬ್ಬರು ಬೀಗಿತ್ತಿಯರು ಚೀಲ ಹಿಡಿದು ಎದುರಾಬದುರು ನಿಂತರು.

"ಓ, ನೀವೂ ಬಂದ್ರಾ?"

"ಬಂದೆ. ನೀವೂ?"

"ಕರೆದ್ರು, ಬಂದೆ."

ಅಲ್ಲಿಗೆ ಮಾತು ಮುಗಿಯಿತು.

ಹೆಂಡತಿಯ ತಾಯಿ ಟೈಲರು. ಊರಿನಲ್ಲಿ ತನ್ನ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು, ಅದರಿಂದಲೇ ಮಗಳನ್ನು ಓದಿಸಿ ದಡ ಮುಟ್ಟಿಸಿದಾಕೆ. ಮೆಲುಮಾತು, ಸಣ್ಣ ಹೆಜ್ಜೆ, ಕುತ್ತಿಗೆಯಲ್ಲಿ ಸದಾ ನೇತಾಡುವ ಅಳತೆ ಪಟ್ಟಿ. ಎಲ್ಲರ ಬಾಯಲ್ಲೂ ಆಕೆ ಟೈಲರಮ್ಮ. ಗಂಡನ ತಾಯಿ ಶಾಲೆಯಲ್ಲಿ ಆಟದ ಟೀಚರ್ ಆಗಿ ನಿವೃತ್ತಿಯಾದವರು. ನಡೆದರೆ ಓಡಿದ ಹಾಗೆ, ಮಾತಾಡಿದರೆ ಮೈದಾನದ ಆಚೆ ಕಡೆಯವರಿಗೂ ಕೇಳುವ ಹಾಗೆ. ನಿವೃತ್ತಿಯಾಗಿ ಎಷ್ಟು ವರ್ಷ ಕಳೆದರೂ ಅವರು ಪೀಟಿ ಮೇಡಮ್ಮೇ.

ಇಬ್ಬರ ನಡುವೆ ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ಅದು ಎಂದೋ ಮುಗಿದುಹೋಗುತ್ತಿತ್ತು. ಆದದ್ದು ಒಂದು ಜಾಕೆಟ್ಟಿನ ವಿಷಯ. ಮಕ್ಕಳ ಮದುವೆಗೆಂದು ಟೈಲರಮ್ಮ ಬೀಗಿತ್ತಿಗೆ ರೇಷ್ಮೆಯ ಜಾಕೆಟ್ಟೊಂದನ್ನು ತಾನೇ ಕೂತು ಹೊಲಿದು ಕೊಟ್ಟಿದ್ದರು. ಮದುವೆಯ ದಿನ ನೆಂಟರೆಲ್ಲ ಸುತ್ತ ನಿಂತಿರುವಾಗ ಪೀಟಿ ಮೇಡಂ, "ಜಾಕೆಟ್ಟು ಚೆನ್ನಾಗಿದೆ. ಆದರೆ ಇದನ್ನ ಹಾಕ್ಕೊಂಡ ದಿನ ಉಸಿರಾಟಕ್ಕೆ ರಜೆ ಕೊಡಬೇಕು" ಎಂದುಬಿಟ್ಟರು. ಅವರ ಮಟ್ಟಿಗೆ ಅದು ತಮಾಷೆ. ನೆಂಟರು ನಕ್ಕರು. ಹೊಲಿದು ಕೊಟ್ಟ ಬಟ್ಟೆ ಒಂದು ದಿನವೂ ವಾಪಸ್ ಬಂದಿರದ ಟೈಲರಮ್ಮ ನಗಲಿಲ್ಲ. ಅಂದಿನಿಂದ ಅವರ ಬಾಯಿಗೆ ಬೀಗ. "ಊಟ ಆಯ್ತಾ?" "ಆಯ್ತು." ಇಷ್ಟರಲ್ಲೇ ವರ್ಷಗಳು ಉರುಳಿದ್ದವು.

ಹಳೆಯ ಗಾರೆ ಕೆತ್ತುವಾಗ ಮನೆಯೊಳಗೆ ದೂಳೋ ದೂಳು. ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಡುಗೆಮನೆಯ ಎರಡು ತುದಿಗಳಲ್ಲಿ ಕೂತರು. ಆಮೇಲೆ ಮೇಸ್ತ್ರಿ ಗಾರೆ ಕಲಸಿ ಗೋಡೆಗೆ ಎರಚಲು ಶುರುಮಾಡಿದ. ಪೀಟಿ ಮೇಡಂಗೆ ಕೈಕಟ್ಟಿ ಕೂರುವುದು ಗೊತ್ತೇ ಇಲ್ಲ. ಅವನ ಬೆನ್ನ ಹಿಂದೆ ನಿಂತು, "ಮೇಸ್ತ್ರೀ, ಆ ಮೂಲೆ ಬಿಟ್ಟುಹೋಯ್ತು. ಅಲ್ಲಲ್ಲ, ಎಡಗಡೆ. ನಿಮ್ಮ ಎಡಗಡೆ" ಎಂದು ಆಟ ಆಡಿಸತೊಡಗಿದರು. ಟೈಲರಮ್ಮನ ಕಣ್ಣಿಗೆ ಬಿದ್ದದ್ದು ಮೇಸ್ತ್ರಿಯ ಬೆರಳುಗಳು. ಸಿಮೆಂಟು ತಿಂದು ತುದಿಗಳೆಲ್ಲ ಬಿರುಕು ಬಿಟ್ಟಿದ್ದವು. ಸೂಜಿ ಚುಚ್ಚಿದಾಗ ಬೇಕಾಗುತ್ತದೆಂದು ಆಕೆಯ ಚೀಲದಲ್ಲಿ ಅಂಟಿಸುವ ಪ್ಲಾಸ್ಟರು ಯಾವಾಗಲೂ ಇರುತ್ತಿತ್ತು. ಅವನನ್ನು ಕರೆದು ಕೈ ತೊಳೆಸಿ, ಮೂರು ಬೆರಳಿಗೆ ಸುತ್ತಿ ಕಳಿಸಿದರು.

"ಅಮ್ಮ, ಜೀವಮಾನವೆಲ್ಲ ನಾನೇ ಊರಿಗೆ ಪ್ಲಾಸ್ಟರ್ ಹಾಕಿದ್ದು. ನನಗೆ ಯಾರಾದ್ರೂ ಹಾಕಿದ್ದು ಇದೇ ಮೊದಲು" ಎಂದ ಮೇಸ್ತ್ರಿ.

ಮಾರನೆಯ ದಿನ ಅವನು ದೊಡ್ಡ ಕೋಣೆಯಲ್ಲಿದ್ದಾಗ ಪೀಟಿ ಮೇಡಂಗೆ ನಡುಮನೆಯ ಕಿಟಕಿಯ ಮೇಲೆ ಸಣ್ಣ ಉಬ್ಬೊಂದು ಕಂಡಿತು. ಅಲ್ಲೇ ಇದ್ದ ಅವನ ಸ್ಟೂಲು ಎಳೆದುಕೊಂಡು ಹತ್ತಿದರು. ನೆಲಕ್ಕೆಲ್ಲ ಪ್ಲಾಸ್ಟಿಕ್ ಹಾಸಿತ್ತು, ಅದರ ಮೇಲೆ ಒದ್ದೆ ಮರಳು.

"ಇಳೀರಿ, ಜಾರುತ್ತೆ" ಎಂದರು ಟೈಲರಮ್ಮ ಬಾಗಿಲಲ್ಲಿ ನಿಂತು.

"ಏನೂ ಆಗಲ್ಲ. ನಾನು ಎಂತೆಂಥ ಕಂಬ ಹತ್ತಿದವಳು!"

ಸ್ಟೂಲಿನ ಕಾಲು ಅಲುಗಿತು. ಟೈಲರಮ್ಮ ಓಡಿಬಂದು ಹಿಡಿದರು. ಮುಂದಿನದು ಒಂದೇ ಸದ್ದು. ಮೇಸ್ತ್ರಿ ಓಡಿಬಂದಾಗ ಸ್ಟೂಲು ಒಂದು ಕಡೆ, ಬೀಗಿತ್ತಿಯರು ಇನ್ನೊಂದು ಕಡೆ. ಪೀಟಿ ಮೇಡಂನ ಎಡಗಾಲ ಪಾದ ಹೋಗಬಾರದ ದಿಕ್ಕಿಗೆ ತಿರುಗಿತ್ತು. ಟೈಲರಮ್ಮನ ಬಲಗೈ ಅವರ ಕೆಳಗೆ ಸಿಕ್ಕಿಕೊಂಡಿತ್ತು.

"ಹೇಳಿದೆ ತಾನೆ, ಇಳೀರಿ ಅಂತ!" ಎಂದರು ಟೈಲರಮ್ಮ ಹಲ್ಲು ಕಚ್ಚಿಕೊಂಡು.

"ನೀವು ಹಿಡಿದಿದ್ದಕ್ಕೇ ಬಿದ್ದೆ! ನನ್ನ ಪಾಡಿಗೆ ನನ್ನ ಬಿಟ್ಟಿದ್ರೆ ನೆಗೆದು ನಿಲ್ತಿದ್ದೆ!"

"ಹಿಡೀದೇ ಇದ್ದಿದ್ರೆ ತಲೆ ಒಡೀತಿತ್ತು!"

ವರ್ಷಗಳ ನಂತರ ಅವರು ಆಡಿದ ಮೊದಲ ಉದ್ದ ಮಾತು ಅದು.

ಮೇಸ್ತ್ರಿ ಇಬ್ಬರನ್ನೂ ತನ್ನ ಪುಟ್ಟ ವ್ಯಾನಿನಲ್ಲಿ ಸಿಮೆಂಟು ಚೀಲಗಳ ಮಧ್ಯೆ ಕೂರಿಸಿಕೊಂಡು ಆಸ್ಪತ್ರೆಗೆ ಹೋದ. ದಾರಿಯುದ್ದಕ್ಕೂ ಹಿಂದಿನಿಂದ 'ಹಿಡಿದಿದ್ದಕ್ಕೇ' ಮತ್ತು 'ಹಿಡೀದೇ ಇದ್ದಿದ್ರೆ' ಕೇಳಿಸುತ್ತಲೇ ಇತ್ತು. ಎಕ್ಸ್‌ರೇ ಆಯಿತು, ಡಾಕ್ಟರು ನೋಡಿದರು, ಒಬ್ಬರ ಮಣಿಕಟ್ಟು, ಇನ್ನೊಬ್ಬರ ಕಾಲಗಿಣ್ಣು, ಎರಡೂ ಮುರಿದಿವೆ ಎಂದರು. ಪ್ಲಾಸ್ಟರ್ ಕೋಣೆಯಲ್ಲಿ ಬಿಳಿ ಹುಡಿ ಮೆತ್ತಿದ ಏಪ್ರನ್ನು ತೊಟ್ಟ ಗಡ್ಡದವನೊಬ್ಬ ಪಟ್ಟಿಯ ಸುರುಳಿಗಳನ್ನು ನೀರಿನಲ್ಲಿ ಅದ್ದಿ ಹಿಂಡುತ್ತಿದ್ದ. ತಲೆಯಿಂದ ಕಾಲಿನವರೆಗೆ ಬೂದುಬಣ್ಣವಾಗಿದ್ದ ಮೇಸ್ತ್ರಿಯನ್ನು ನೋಡಿ, "ನಿಮ್ಮದೂ ಏನಾದ್ರೂ ಮುರಿದಿದೆಯಾ?" ಎಂದು ಕೇಳಿದ.

"ಇಲ್ಲಪ್ಪ. ನಂದೂ ನಿಮ್ಮದೇ ಕೆಲಸ. ಪ್ಲಾಸ್ಟರು."

"ಹೌದಾ? ಯಾವ ಆಸ್ಪತ್ರೆ?"

"ಗೋಡೆ."

ಗಡ್ಡದವನು ನಕ್ಕು ಅವನಿಗೆ ಕುರ್ಚಿ ತೋರಿಸಿದ. ಪೀಟಿ ಮೇಡಂನ ಪಾದವನ್ನು ಸರಿಯಾದ ಕೋನಕ್ಕೆ ತಂದು ಹಿಡಿಯಬೇಕಿತ್ತು. ನೋವು ಸಣ್ಣದಲ್ಲ. ಅವರು ಅಳಲಿಲ್ಲ, ಗೋಡೆಯ ಕ್ಯಾಲೆಂಡರನ್ನು ಗದರಿಸುವವರ ಹಾಗೆ ನೋಡಿದರು. ಆದರೆ ಪಕ್ಕದ ಹಾಸಿಗೆಯಲ್ಲಿದ್ದ ಟೈಲರಮ್ಮನ ಎಡಗೈ ಯಾವಾಗ ಅವರ ಮುಷ್ಟಿಯೊಳಗೆ ಸೇರಿತೋ, ಬಿಡಿಸಿಕೊಳ್ಳುವಾಗ ಬೆರಳುಗಳೆಲ್ಲ ಕೆಂಪಗಾಗಿದ್ದವು.

"ಬೆಚ್ಚಗಾಗ್ತಿದೆ" ಎಂದರು ಟೈಲರಮ್ಮ ತನ್ನ ಕೈ ನೋಡಿಕೊಂಡು.

"ಹಿಡೀತಿದೆ ಅಂತ ಅರ್ಥ" ಎಂದರು ಗಡ್ಡದವನೂ ಮೇಸ್ತ್ರಿಯೂ ಒಟ್ಟಿಗೆ.

ಮಗಳಿಗೆ ಫೋನ್ ಮಾಡುವ ಭಾರ ಮೇಸ್ತ್ರಿಯ ಮೇಲೆ ಬಿತ್ತು. ಕೆಟ್ಟ ಸುದ್ದಿಯನ್ನು ಮೆತ್ತಗೆ ಹೇಳಬೇಕೆಂದು ಅವನು ಯೋಚಿಸಿದ್ದೇ ಎಡವಟ್ಟಾಯಿತು.

"ಅಮ್ಮಾ, ಪ್ಲಾಸ್ಟರ್ ಹಾಕಿ ಆಯ್ತು. ಏನೂ ಯೋಚನೆ ಮಾಡಬೇಡಿ."

"ಆಗ್ಲೇನಾ? ಇನ್ನೂ ನಾಲ್ಕು ದಿನ ಅಂದಿದ್ರಿ!"

"ಇಲ್ಲಿ ಬೇಗ ಮಾಡ್ತಾರೆ. ಎರಡೂ ಆಯ್ತು."

"ಎರಡೂನಾ? ಒಳ್ಳೇದಾಯ್ತು ಬಿಡಿ. ಪೂರ್ತಿ ಸರಿಹೋಗೋಕೆ ಎಷ್ಟು ದಿನ ಬೇಕು?"

"ಚಿಕ್ಕದಕ್ಕೆ ಆರು ವಾರ. ದೊಡ್ಡದಕ್ಕೆ ಎರಡು ತಿಂಗಳ ಮೇಲೇ ಆಗಬಹುದಂತೆ."

"ಎರಡು ತಿಂಗಳಾ! ಅಲ್ಲೀವರೆಗೂ ನೀರು ಹಾಕ್ತಾನೇ ಇರಬೇಕಾ?"

"ಅಯ್ಯಯ್ಯೋ! ಒಂದು ಹನಿ ನೀರೂ ಸೋಕಬಾರದು ಅಂದಿದಾರೆ. ಒಳಗೆ ತುರಿಸಿದ್ರೂ ಕಡ್ಡಿಗಿಡ್ಡಿ ತೂರಿಸಬಾರದಂತೆ."

ಗೋಡೆಗೆ ಯಾಕಪ್ಪಾ ತುರಿಕೆ ಎಂದು ಮಗಳು ತಲೆ ಕೆರೆದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಅತ್ತೆಯ ದನಿ ಕೇಳಿಸಿತು: "ಹಿಡಿದಿದ್ದಕ್ಕೇ ಬಿದ್ದಿದ್ದು, ಅದನ್ನೂ ಹೇಳಿ!" ಅವಳು ಪರೀಕ್ಷೆಯ ನೀರನ್ನು ಅರ್ಧಕ್ಕೆ ಬಿಟ್ಟು ಓಡಿದಳು.

ಮನೆಯಲ್ಲಿ ಕೆತ್ತದೆ ಉಳಿದ ಕೋಣೆ ಒಂದೇ, ಅದರಲ್ಲಿ ಮಂಚವೂ ಒಂದೇ. ಅದು ಬೀಗಿತ್ತಿಯರ ಪಾಲಾಯಿತು. ಗಂಡ ಹೆಂಡತಿ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡರು. ಇಬ್ಬರೂ ಕೈಕಾಲು ಆಡದೆ ಕೂತು, ಸರದಿಯ ಮೇಲೆ ರಜೆ ಕೇಳುವ ಲೆಕ್ಕಾಚಾರ ನಡೆಸಿದ್ದರು. ಪೀಟಿ ಮೇಡಂ ಒಳಗಿನಿಂದಲೇ ಕೂಗಿದರು: "ಯಾರೂ ರಜೆ ಹಾಕಬೇಕಾಗಿಲ್ಲ. ನನಗೆ ಎರಡು ಕೈ ಇದೆ. ಅವರಿಗೆ ಎರಡು ಕಾಲಿದೆ. ಒಬ್ಬ ಮನುಷ್ಯನಿಗೆ ಬೇಕಾದಷ್ಟು ಸಾಮಾನು ಆಯ್ತಲ್ಲ!"

ಟೈಲರಮ್ಮ ಎಡಗೈಯಿಂದಲೇ ಮಂಚಕ್ಕೆ ಹೊದಿಕೆ ಹಾಸತೊಡಗಿದರು.

ಮೊದಲ ಬೆಳಿಗ್ಗೆಯೇ ತೊಡಕು ಬಂತು. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಪೀಟಿ ಮೇಡಂ ಬಟ್ಟೆ ಬದಲಾಯಿಸಲು ಹೊರಟರೆ, ಪೈಜಾಮದ ಕಾಲಿನೊಳಗೆ ಆ ಸಿಮೆಂಟು ಕಂಬದಂಥ ಪಾದ ಹೋಗಲೊಲ್ಲದು. ಎಳೆದರು, ಬೈದರು, ಮತ್ತೆ ಎಳೆದರು. ಮಂಚದ ಇನ್ನೊಂದು ತುದಿಯಲ್ಲಿ ಕೂತಿದ್ದ ಟೈಲರಮ್ಮನಿಗೆ ಬಟ್ಟೆ ಪಡುತ್ತಿದ್ದ ಕಷ್ಟ ನೋಡಲಾಗಲಿಲ್ಲ. ಎದ್ದು ಚೀಲದಿಂದ ಕತ್ತರಿ ತಂದು ಅವರ ಕೈಗಿಟ್ಟರು.

"ಹೊಲಿಗೆ ಬಿಚ್ಚಿ. ಬಟ್ಟೆ ಕತ್ತರಿಸಬೇಡಿ, ಹೊಲಿಗೆ ಮಾತ್ರ. ಕೆಳಗಿನಿಂದ. ಹಾಗಲ್ಲ, ಕತ್ತರಿ ತುದಿ ಮೇಲಕ್ಕಿರಲಿ. ನಿಧಾನ! ಓಟದ ಪಂದ್ಯ ಅಲ್ಲ ಇದು."

ಪೀಟಿ ಮೇಡಂ ನಾಲಿಗೆ ಕಚ್ಚಿಕೊಂಡು, ಸ್ಲೇಟು ಹಿಡಿದ ಮಗುವಿನಷ್ಟು ಶ್ರದ್ಧೆಯಿಂದ ಹೊಲಿಗೆ ಬಿಚ್ಚಿದರು. ಕಾಲು ಒಳಗೆ ಹೋಯಿತು. ಆಗ ಟೈಲರಮ್ಮನ ಕಣ್ಣು ತಾನಾಗಿಯೇ ಅವರ ಮೈಯ ಅಳತೆ ತೆಗೆಯಿತು. ಅದು ಕಣ್ಣಿನ ಅಭ್ಯಾಸ, ತಡೆಯಲಾಗದು.

"ಒಂದು ಮಾತು ಕೇಳಲಾ?" ಎಂದರು. "ಅವತ್ತು ಜಾಕೆಟ್ಟಿಗೆ ಅಂತ ಅಳತೆಗೆ ಒಂದು ಅಂಗಿ ಕಳಿಸಿದ್ರಲ್ಲ. ಅದು ನಿಮ್ಮದೇನಾ?"

ಪೀಟಿ ಮೇಡಂ ಕಿಟಕಿಯ ಕಡೆ ನೋಡಿದರು. "ನಂದೇ."

"ಯಾವಾಗಿನದು?"

"ಅದು... ನಾನು ಜಿಲ್ಲಾ ಮಟ್ಟದಲ್ಲಿ ಓಡ್ತಿದ್ದಾಗಿನದು."

"ಅಂದ್ರೆ ನಿಮ್ಮ ಮಗ ಹುಟ್ಟೋಕೆ ಮುಂಚೆ?"

"ಸ್ವಲ್ಪ ಮುಂಚೆ."

ಟೈಲರಮ್ಮನ ಭುಜ ಅಲುಗತೊಡಗಿತು. ನಗು ಎಲ್ಲಿಂದ ಬಂತೋ, ತಡೆಯಲು ಹೋದಷ್ಟೂ ಉಕ್ಕಿತು. "ಅಯ್ಯೋ ನಿಮ್ಮ! ನಾನು ಇಷ್ಟು ವರ್ಷ ನನ್ನ ಕತ್ತರೀನ ಬೈಕೊಂಡು ಕೂತಿದ್ದೆನಲ್ರೀ!"

"ಮತ್ತೇನು ಮಾಡ್ಲಿ? ಮದುವೆ ಹೊತ್ತಿಗೆ ಆ ಅಂಗಿಗೆ ಇಳೀತೀನಿ ಅಂತ ಪಣ ತೊಟ್ಟಿದ್ದೆ. ಆಗಲಿಲ್ಲ. ಎಲ್ಲರೆದುರು ಹೊಟ್ಟೆ ಬಿರಿಯೋ ಹಾಗಿತ್ತು, ನಾಚಿಕೆಗೆ ಏನೋ ಒದರಿಬಿಟ್ಟೆ." ಹೇಳುತ್ತ ಹೇಳುತ್ತ ಪೀಟಿ ಮೇಡಂಗೂ ನಗು ಬಂತು. ಇಬ್ಬರೂ ಕಣ್ಣೊರೆಸಿಕೊಂಡು ನಗುವುದನ್ನು ಕೇಳಿ, ಇವರಿಗೆ ಮತ್ತೇನು ಮುರಿಯಿತೋ ಎಂದು ಮೇಸ್ತ್ರಿ ಬಾಗಿಲು ತಟ್ಟಿದ.

ಹೊಸ ಗೋಡೆಗಳಿಗೆ ವಾರವಿಡೀ ನೀರುಣಿಸಬೇಕಿತ್ತು. ಇಲ್ಲದಿದ್ದರೆ ಸಿಮೆಂಟು ಬಾಯಾರಿ ಬಿರಿಯುತ್ತದೆ ಎಂದ ಮೇಸ್ತ್ರಿ. ಸ್ಟೂಲು ಅಲುಗುವುದು ಗೊತ್ತಿದ್ದೂ ಬಿಟ್ಟುಹೋದೆನಲ್ಲ ಎಂದು ಅವನಿಗೆ ಒಳಗೊಳಗೇ ಸಂಕಟ. ಬೇರೆ ಕೆಲಸಗಳ ನಡುವೆಯೂ ಹೊತ್ತು ಹೊತ್ತಿಗೆ ಓಡಿಬಂದು ನೀರು ಹೊಡೆದು ಹೋಗುತ್ತಿದ್ದ. ಎರಡು ದಿನ ಅವನ ಏದುಸಿರು ನೋಡಿದ ಪೀಟಿ ಮೇಡಂ, "ನೀರು ಹೊಡೆಯೋದು ನಮಗೆ ಬಿಡಿ. ಮೇಲಿನದು ಮಾತ್ರ ನೀವು ನೋಡ್ಕೊಳ್ಳಿ" ಎಂದರು.

ಮಗನ ಮೇಜಿನ ಮುಂದೆ ಚಕ್ರಗಳ ಕುರ್ಚಿಯೊಂದಿತ್ತು. ಪೀಟಿ ಮೇಡಂ ಅದರಲ್ಲಿ ಕೂತು, ಪ್ಲಾಸ್ಟರಿನ ಕಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕುರ್ಚಿಗೆ ಕಟ್ಟಿದ ಹಲಗೆಯ ಮೇಲೆ ಚಾಚಿ, ಗಿಡಗಳಿಗೆ ನೀರು ಸಿಂಪಡಿಸುವ ಪಂಪನ್ನು ಎರಡೂ ಕೈಯಲ್ಲಿ ಹಿಡಿದರು. ಟೈಲರಮ್ಮ ತನ್ನ ಕೈಗೂ ಚೀಲ ಸುತ್ತಿಕೊಂಡು, ಎಡಗೈಯಿಂದ ಕುರ್ಚಿಯ ಬೆನ್ನು ಹಿಡಿದು, ಸೊಂಟದಿಂದ ನೂಕಿದರು. ಸಾಮಾನುಗಳನ್ನೆಲ್ಲ ತೆಗೆದಿದ್ದ ನಡುಮನೆ ಮೈದಾನದಂತಿತ್ತು. ಕುರ್ಚಿ ಗೋಡೆಯುದ್ದಕ್ಕೂ ಉರುಳಿತು, ನೀರು ಸುಯ್ಯೆಂದು ಚಿಮ್ಮಿತು, ಒದ್ದೆಯಾದ ಗಾರೆ ಹಸಿ ಮಣ್ಣಿನ ವಾಸನೆ ಬಿಟ್ಟಿತು.

"ಇನ್ನೂ ಜೋರಾಗಿ!" ಎನ್ನುತ್ತಿದ್ದರು ಪೀಟಿ ಮೇಡಂ.

"ನಾನೇನು ಎಂಜಿನ್ನಾ?"

"ತಿರುವಲ್ಲಿ ನಿಧಾನ ಮಾಡಿ, ತಿರುವಾದ ಮೇಲೆ ಜೋರು. ಓಟದ ಗುಟ್ಟೇ ಅದು."

"ನಿಮ್ಮ ತೂಕ ನೂಕೋ ಗುಟ್ಟು ಹೇಳಿ ಮೊದಲು."

ಗೋಡೆಗೆ ದಿನಕ್ಕೆ ಇಷ್ಟು ನೀರು ಸಾಕು ಎಂದು ಮೇಸ್ತ್ರಿ ಹೇಳಿದ ಮೇಲೂ ಅವರು ಮತ್ತೊಂದು ಸುತ್ತು ಹಾಕುತ್ತಿದ್ದರು. ಅಡುಗೆಮನೆಯಲ್ಲೂ ಅದೇ ಪಾಲುದಾರಿಕೆ. ಆಲೂಗಡ್ಡೆ ಸುಲಿಯುವುದು, ಸೊಪ್ಪು ಸೋಸುವುದು, ಡಬ್ಬಿಯ ಮುಚ್ಚಳ ತಿರುಗಿಸುವುದು ಮೇಜಿನ ಮುಂದೆ ಕೂತ ಪೀಟಿ ಮೇಡಂನ ಪಾಲು. ಒಲೆಯ ಮುಂದೆ ನಿಂತು ಎಡಗೈಯಿಂದ ತಿರುವುವುದು ಟೈಲರಮ್ಮನದು. ಉಪ್ಪು ಹಾಕುವ ವಿಷಯದಲ್ಲಿ ಮಾತ್ರ ಹೊಂದಾಣಿಕೆ ಇರಲಿಲ್ಲ. ಇಬ್ಬರೂ ಹಾಕುತ್ತಿದ್ದರು. ಮಕ್ಕಳು ಎರಡು ಲೋಟ ನೀರು ಕುಡಿದು, ತುಂಬಾ ಚೆನ್ನಾಗಿದೆ ಎನ್ನುತ್ತಿದ್ದರು.

ಗೋಡೆಗಳು ಒಣಗಿದವು. ಸಾಮಾನು ಒಳಗೆ ಬಂತು. ಟೈಲರಮ್ಮನ ಕೈಯ ಪ್ಲಾಸ್ಟರು ತೆಗೆಯುವ ದಿನವೂ ಬಂತು. ಗಡ್ಡದವನ ಗರಗಸ ಗುಂಯ್ಗುಟ್ಟಿ ಬಿಳಿಯ ಚಿಪ್ಪು ಎರಡು ಹೋಳಾಯಿತು. ಒಳಗಿದ್ದ ಕೈ ತನ್ನದೇ ಎಂದು ಆಕೆಗೆ ನಂಬಿಕೆ ಬರಲಿಲ್ಲ. ಬಿಳಚಿ, ಸಣಕಲಾಗಿ, ತೊಗಲೆಲ್ಲ ಸಿಪ್ಪೆ ಎದ್ದಿತ್ತು. "ಮೂಳೆ ಚೆನ್ನಾಗಿ ಕೂಡಿದೆ. ವ್ಯಾಯಾಮ ಮಾಡಿ, ನಿಧಾನವಾಗಿ ಸರಿಹೋಗುತ್ತೆ" ಎಂದರು ಡಾಕ್ಟರು.

ಮನೆಗೆ ಬಂದವರೇ ಟೈಲರಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಸೂಜಿ ತೆಗೆದರು. ಅದು ಬೆರಳುಗಳ ನಡುವೆ ನಿಲ್ಲಲಿಲ್ಲ. ಮತ್ತೆ ಹೆಕ್ಕಿದರು, ಮತ್ತೆ ಬಿತ್ತು. ಸೂಜಿಯನ್ನು ಚೀಲಕ್ಕೆ ಹಾಕಿ ಹೊರಗೆ ಬಂದು, ಎಲ್ಲ ಸರಿಯಿದೆ ಎಂದರು.

ಆಮೇಲೆ ಆಕೆ ಮೌನವಾದರು. ಮಗಳಿಗೆ, ಅಮ್ಮನಿಗೆ ಊರಿನ ನೆನಪಾಗಿದೆ ಅನ್ನಿಸಿತು. ಅಳಿಯನಿಗೆ, ಅತ್ತೆಗೆ ನಮ್ಮ ಮನೆ ಸಾಕಾಗಿದೆ ಅನ್ನಿಸಿತು. ಪೀಟಿ ಮೇಡಂಗೆ ಹಾಗೇನೂ ಅನ್ನಿಸಲಿಲ್ಲ. ಹಗಲೆಲ್ಲ ಎದುರು ಕೂತಿದ್ದ ಅವರು ಬೇರೆಯೇ ನೋಡುತ್ತಿದ್ದರು. ಟೀ ಲೋಟ ಇನ್ನೂ ಎಡಗೈಯಲ್ಲೇ. ಗುಂಡಿಯ ಅಂಗಿಗಳು ಪೆಟ್ಟಿಗೆ ಸೇರಿ, ತಲೆಯ ಮೇಲಿನಿಂದ ಹಾಕಿಕೊಳ್ಳುವ ಸಡಿಲ ಅಂಗಿ ಎರಡೇ ಹೊರಗಿದ್ದವು. ಬಲಗೈ ಯಾವಾಗಲೂ ಶಾಲಿನ ಒಳಗೆ.

"ಆ ನೀಲಿ ಅಂಗಿ ಹಾಕ್ಕೊಂಡು ಬನ್ನಿ. ಗುಂಡಿ ಹಾಕ್ಕೊಳ್ಳಿ, ನೋಡೋಣ" ಎಂದರು ಒಂದು ಮಧ್ಯಾಹ್ನ.

"ನಾನು ನಿಮ್ಮ ಶಾಲೆ ಹುಡುಗಿ ಅಲ್ಲ" ಎಂದು ಸಿಡುಕಿದರು ಟೈಲರಮ್ಮ.

"ಅಲ್ಲ. ಹುಡುಗಿಯರಾದ್ರೆ ಇಷ್ಟು ಚೆನ್ನಾಗಿ ಸುಳ್ಳು ಹೇಳ್ತಿರಲಿಲ್ಲ."

ಟೈಲರಮ್ಮ ಎದ್ದು ಹೋಗಲು ನೋಡಿದರು. ಹೋಗಲಾಗಲಿಲ್ಲ. ಶಾಲಿನೊಳಗಿಂದ ಕೈ ತೆಗೆದು ಮೇಜಿನ ಮೇಲೆ ಬೇರೆ ಯಾರದೋ ವಸ್ತುವಿನಂತೆ ಇಟ್ಟರು. "ಇದು ನನ್ನ ಮಾತು ಕೇಳ್ತಿಲ್ಲ ಕಣ್ರೀ" ಎಂದರು. ಕಣ್ಣೀರು ತಾನಾಗಿ ಇಳಿಯಿತು. "ಸೂಜಿ ನಿಲ್ತಿಲ್ಲ. ಅಂಗಡಿ ಬಾಗಿಲು ತೆಗೆದು ನಾನೇನು ಮಾಡ್ಲಿ? ಬಂದವರಿಗೆ ಏನಂತ ಹೇಳ್ಲಿ? ಮಗಳಿಗೆ ಗೊತ್ತಾದ್ರೆ ಇಲ್ಲೇ ಇರು ಅಂತಾಳೆ. ಅವಳ ಮನೇಲಿ ಟೀ ಕುಡೀತಾ ಕೂರೋಕೆ ನನಗಾಗಲ್ಲ."

ಪೀಟಿ ಮೇಡಂಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಬಂದದ್ದು ಒಂದೇ. "ಮಾತು ಕೇಳಲ್ವಾ? ಕೇಳೋವರೆಗೂ ಹೇಳೋಣ. ನನಗೆ ಅದು ಬಿಟ್ಟು ಬೇರೇನು ಬರುತ್ತೆ? ಡಾಕ್ಟರು ಏನೇನು ಮಾಡಿ ಅಂದಿದಾರೆ, ಹೇಳಿ."

ಅಂದಿನಿಂದ ಮನೆ ಶಾಲೆಯಾಯಿತು. ಬೆಳಿಗ್ಗೆ ಬೆಚ್ಚನೆಯ ನೀರಿನಲ್ಲಿ ಕೈ ಅದ್ದಿ ಮುಷ್ಟಿ ಕಟ್ಟುವುದು, ಬಿಚ್ಚುವುದು. ಆಮೇಲೆ ಒದ್ದೆ ಬಟ್ಟೆ ಹಿಂಡುವುದು. ಹೊಸ ಗೋಡೆಯ ಮುಂದೆ ನಿಂತು ಬೆರಳುಗಳನ್ನು ಜೇಡನ ಕಾಲಿನ ಹಾಗೆ ಮೇಲಕ್ಕೆ ನಡೆಸುವುದು. ಗೋಡೆಗೆ ಕೊನೆಯ ನುಣುಪು ಕೊಡಲು ಬಂದಿದ್ದ ಮೇಸ್ತ್ರಿ, ಗೋಡೆಗೆ ಮೆತ್ತುವ ಪುಟ್ಟಿ ಹಿಟ್ಟನ್ನೇ ಮುದ್ದೆ ಮಾಡಿ ಎಣ್ಣೆ ಸವರಿ, ಹಿಸುಕಲು ಕೊಟ್ಟ. ಚಕ್ರದ ಕುರ್ಚಿಯಿಂದ ಪೀಟಿ ಮೇಡಂ ಎಣಿಸುತ್ತಿದ್ದರು. ಅವರ ಎಣಿಕೆಯಲ್ಲಿ ಎಂಟರ ನಂತರ ಮತ್ತೆ ಎಂಟೇ ಬರುತ್ತಿತ್ತು.

"ಎಂಟು ಆಗಲೇ ಆಯ್ತು!"

"ಅದು ಸರಿಯಾಗಿ ಬರಲಿಲ್ಲ, ಲೆಕ್ಕಕ್ಕಿಲ್ಲ. ಎಂಟು!"

ನೋವಿಗೆ ಟೈಲರಮ್ಮನ ಹಣೆಯಲ್ಲಿ ಬೆವರು ಮೂಡುತ್ತಿತ್ತು. ಕೆಲವು ದಿನ ಬೈದು ಮಂಚಕ್ಕೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ಅಂಥ ದಿನ ಪೀಟಿ ಮೇಡಂ ಎಣಿಕೆ ನಿಲ್ಲಿಸಿ, ಕುರ್ಚಿಯನ್ನು ತಾವೇ ಒಂಟಿಗಾಲಲ್ಲಿ ತಳ್ಳಿಕೊಂಡು ಹೋಗಿ, ಆ ಕೈಯನ್ನು ತಮ್ಮ ಅಂಗೈಗಳ ನಡುವೆ ಇಟ್ಟುಕೊಂಡು ಸುಮ್ಮನೆ ನೀವುತ್ತಿದ್ದರು.

ಕೈ ಬಂತು, ಪೂರ್ತಿ ಹಳೆಯ ಕೈಯಲ್ಲ. ಮಣಿಕಟ್ಟು ಮೊದಲಿನಷ್ಟು ತಿರುಗಲಿಲ್ಲ, ದಪ್ಪ ಬಟ್ಟೆ ಕತ್ತರಿಸಿದರೆ ಸಂಜೆಗೆ ನೋಯುತ್ತಿತ್ತು. ಆದರೆ ಒಂದು ದಿನ ಸೂಜಿ ನಿಂತಿತು, ಮೂರನೆಯ ಪ್ರಯತ್ನಕ್ಕೆ ದಾರವೂ ಸೇರಿತು. ಟೈಲರಮ್ಮ ಕೂಗಲಿಲ್ಲ, ಕುಣಿಯಲಿಲ್ಲ. ಪೀಟಿ ಮೇಡಂನ ಪೈಜಾಮದ ಬಿಚ್ಚಿದ ಕಾಲನ್ನು ಎಳೆದುಕೊಂಡು ಅಂಚು ಮಡಿಸಿ ಹೊಲಿಯತೊಡಗಿದರು. ಪೀಟಿ ಮೇಡಂ ಎಂಟು ಎನ್ನಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡರು.

ಅವರ ಕಾಲಿನ ಪ್ಲಾಸ್ಟರು ತೆಗೆದ ಮೇಲೆ ಸರದಿ ತಿರುಗಿತು. ಬಿದ್ದರೂ ಬೆದರದ ಪೀಟಿ ಮೇಡಂ, ನೆಲಕ್ಕೆ ಪಾದ ಊರಲು ಹೆದರಿದರು. ಕೋಲು ಹಿಡಿದು ನಾಲ್ಕು ಹೆಜ್ಜೆ ಇಟ್ಟು ಬೆವರಿದರು. ಮೆಟ್ಟಿಲು ಕಂಡರೆ ನಿಂತುಬಿಡುತ್ತಿದ್ದರು. "ಹಿಡಿದ್ರೆ ಬೀಳ್ತೀರಿ ಅಂತೀರಲ್ಲ. ಹಿಡೀಲೋ ಬೇಡವೋ?" ಎಂದು ಕೇಳಿದರು ಟೈಲರಮ್ಮ. "ಬಾಯಿ ಮುಚ್ಕೊಂಡು ಹಿಡೀರಿ" ಎಂದರು ಪೀಟಿ ಮೇಡಂ, ಅವರ ಭುಜದ ಮೇಲೆ ತಮ್ಮ ಭಾರವನ್ನೆಲ್ಲ ಹೇರುತ್ತ.

ಊರಿಗೆ ಹೊರಡುವ ಮಾತು ಬಂದಾಗ ಮಗ ಯೋಚನೆಗೆ ಬಿದ್ದ. ಪೀಟಿ ಮೇಡಂ ಇದ್ದದ್ದು ಲಿಫ್ಟಿಲ್ಲದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ, ಒಬ್ಬರೇ. ಇನ್ನೂ ಕೆಲವು ತಿಂಗಳು ಇಲ್ಲೇ ಇರಿ ಎಂದ. ಅವರು ಉತ್ತರ ಕೊಡುವ ಮೊದಲೇ ಟೈಲರಮ್ಮ ಬಟ್ಟೆ ಮಡಿಸುತ್ತ ಹೇಳಿದರು: "ನನ್ನ ಮನೆಗೆ ಮೆಟ್ಟಿಲೇ ಇಲ್ಲ. ಹಿಂದಿನ ಕೋಣೆ ಖಾಲಿ ಬಿದ್ದಿದೆ. ನನಗೂ ಬೆಳಿಗ್ಗೆ ಎಣಿಸೋಕೆ ಯಾರಾದ್ರೂ ಬೇಕು. ಚೀಲ ಕಟ್ಟಲಾ, ಬೇಡವಾ?"

"ಕೇಳೋದೇನು? ಕಟ್ಟಿ" ಎಂದರು ಪೀಟಿ ಮೇಡಂ.

ಹೋಗುವಾಗ ಮೇಸ್ತ್ರಿಯೇ ವ್ಯಾನು ತಂದ. ಈ ಸಲ ಸಿಮೆಂಟು ಚೀಲಗಳನ್ನು ಇಳಿಸಿ, ಗುಡಿಸಿ, ಎರಡು ದಿಂಬು ಹಾಕಿದ್ದ.

ತಿಂಗಳೊಂದು ಕಳೆದ ಮೇಲೆ ಮಗ, ಮಗಳು ರಜೆ ಹಾಕಿ ಇಬ್ಬರನ್ನೂ ನೋಡಲು ಹೋದರು. ಅಂಗಡಿಯ ತುಂಬ ಜನ. ಒಳಗೆ ಹೊಲಿಗೆ ಯಂತ್ರ ಓಡುತ್ತಿತ್ತು. ಬಾಗಿಲ ಬಳಿ ಕುರ್ಚಿ ಹಾಕಿ ಕೂತಿದ್ದ ಪೀಟಿ ಮೇಡಂ ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿದ್ದರು. ಬಟ್ಟೆ ನಾಳೆಯೇ ಬೇಕು ಎಂದು ಹಟ ಹಿಡಿದ ದಪ್ಪ ಮೀಸೆಯವನೊಬ್ಬನಿಗೆ, "ಆ ಕೈಗೆ ದಿನಕ್ಕೆ ಇಷ್ಟೇ ಕೆಲಸ ಅಂತ ನಾನು ಗೊತ್ತು ಮಾಡಿದೀನಿ. ಗುರುವಾರ ಬನ್ನಿ" ಎನ್ನುತ್ತಿದ್ದರು. ಅವನು ತಲೆಯಾಡಿಸಿ ಹೊರಟುಹೋದ.

ಮಗಳು ಒಳಗೆ ಇಣುಕಿದಳು. ತಾಯಿ ಯಂತ್ರ ನಿಲ್ಲಿಸದೆ ಕಣ್ಣಲ್ಲೇ ನಕ್ಕು, "ಬಂದ್ರಾ? ಕೂತ್ಕೊಳ್ಳಿ. ಈ ತೋಳೊಂದು ಮುಗಿಸಿಬಿಡ್ತೀನಿ" ಎಂದರು.

"ಒಂದಲ್ಲ, ಇವತ್ತಿನ ಲೆಕ್ಕ ಎರಡು ತೋಳು" ಎಂದರು ಪೀಟಿ ಮೇಡಂ. ಮಗ, ಸೊಸೆಗೆ ಬೆಂಚು ತೋರಿಸಿ, "ಊಟಕ್ಕೆ ಇನ್ನೂ ಹೊತ್ತಿದೆ. ಒಳಗೆ ಬಟಾಣಿ ಇದೆ, ಸುಮ್ಮನೆ ಕೂರೋ ಬದಲು ಸುಲೀರಿ" ಎಂದರು.

ಇಬ್ಬರೂ ಬಟಾಣಿಯ ಬುಟ್ಟಿ ಮಧ್ಯದಲ್ಲಿಟ್ಟುಕೊಂಡು, ಗಿರಾಕಿಗಳ ಪಕ್ಕದಲ್ಲಿ ಕೂತು ಸುಲಿಯತೊಡಗಿದರು.